ತುಕ್ಕು ಹಿಡಿದ ಕಡಲು

ಸಂಡೂರಿನ ಬೆಟ್ಟಗಳಲ್ಲಿ ಸಿಗುವ ಕಲ್ಲೊಂದನ್ನು ಗಮನವಿಟ್ಟು ನೋಡಿ. ಕೆಂಪು, ಕಪ್ಪು ಬಣ್ಣದ ಕಬ್ಬಿಣದ ಪದರ, ಅದರ ಮೇಲೆ ಬೆಣಚುಕಲ್ಲಿನಂಥ ಪದರ, ಮತ್ತೆ ಕಬ್ಬಿಣ. ಬಾಬಾಬುಡನ್‌ಗಿರಿ, ಕುದುರೆಮುಖಗಳಲ್ಲಿಯೂ ಇದೇ ಬಗೆಯ ಪಟ್ಟೆಕಲ್ಲು. ಇವೆಲ್ಲ ಒಂದು ಕಾಲಕ್ಕೆ ಕಡಲ ತಳದ ಕೆಸರು. ವಯಸ್ಸು 250 ಕೋಟಿ ವರ್ಷಗಳಿಗೂ ಹೆಚ್ಚು. ಅಷ್ಟೊಂದು ಕಬ್ಬಿಣ ಕಡಲಿನಲ್ಲಿ ಹೇಗೆ ಸೇರಿತ್ತು?

ಭೂಮಿ ಹುಟ್ಟಿದ್ದು ಸುಮಾರು 454 ಕೋಟಿ ವರ್ಷಗಳ ಹಿಂದೆ. ಅಲ್ಲಿಂದ 54 ಕೋಟಿ ವರ್ಷಗಳ ಹಿಂದಿನವರೆಗಿನ ಅವಧಿಗೆ ಕೇಂಬ್ರಿಯನ್ ಪೂರ್ವ ಕಾಲವೆಂದು ಹೆಸರು. ಭೂಮಿಯ ಚರಿತ್ರೆಯಲ್ಲಿ ಇದು ಎಂಟರಲ್ಲಿ ಏಳು ಪಾಲು. ಡೈನೋಸಾರ್‌ಗಳ ಗದ್ದಲದಲ್ಲಿ ನಾವು ಇದನ್ನು ಮರೆತೇಬಿಡುತ್ತೇವೆ! ಆಗಿನ ಗಾಳಿಯಲ್ಲಿ ಸಾರಜನಕ, ಇಂಗಾಲದ ಡೈಆಕ್ಸೈಡ್, ಮೀಥೇನ್ ಇದ್ದವು. ಆಮ್ಲಜನಕ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಆಮ್ಲಜನಕವಿಲ್ಲದ ನೀರಿನಲ್ಲಿ ಕಬ್ಬಿಣ ಕರಗಿಯೇ ಉಳಿಯುತ್ತದೆ. ಕಡಲತಳದ ಬಿಸಿನೀರಿನ ಬುಗ್ಗೆಗಳು ಅದನ್ನು ಸತತವಾಗಿ ಹೊರಚೆಲ್ಲುತ್ತಿದ್ದವು.

ಇಂಥ ನೀರಿನಲ್ಲಿ ಸಯನೋಬ್ಯಾಕ್ಟೀರಿಯಗಳು ಕಾಣಿಸಿಕೊಂಡವು. ಬಿಸಿಲಿನ ಬಲದಿಂದ ನೀರನ್ನು ಒಡೆದು ಆಹಾರ ತಯಾರಿಸುವುದು ಇವುಗಳ ಕಸುಬು. ಹೊರಬೀಳುವ ಕಸವೇ ಆಮ್ಲಜನಕ. ಇಂಥ ಸೂಕ್ಷ್ಮಜೀವಿಗಳ ಚಾಪೆಗಳು ಪದರಪದರವಾಗಿ ಬೆಳೆದು ಕಲ್ಲಾದ ಗುಬುಟುಗಳಿಗೆ ಸ್ಟ್ರೊಮ್ಯಾಟೊಲೈಟ್ ಎನ್ನುತ್ತಾರೆ. ಚಿತ್ರದುರ್ಗ, ಶಿವಮೊಗ್ಗ ಕಡೆಯ ಪ್ರಾಚೀನ ಸುಣ್ಣಕಲ್ಲುಗಳಲ್ಲಿ ಅವು ಈಗಲೂ ಕಾಣಸಿಗುತ್ತವೆ. ಆಮ್ಲಜನಕ ಕಬ್ಬಿಣವನ್ನು ಕೂಡಿದೊಡನೆ ತುಕ್ಕಾಗಿ ತಳಕ್ಕಿಳಿಯಿತು. ಆಮ್ಲಜನಕದ ಹಂಗಿಲ್ಲದೆ, ಬೆಳಕಿನಿಂದಲೇ ಕಬ್ಬಿಣಕ್ಕೆ ತುಕ್ಕು ಹಿಡಿಸುವ ಬ್ಯಾಕ್ಟೀರಿಯಗಳೂ ಉಂಟು. ಆದ್ದರಿಂದ ಯಾರ ಪಾಲು ಎಷ್ಟೆಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ನಡೆದಿದೆ.

ಆಗ ಗಾಳಿಯಲ್ಲಿ ಆಮ್ಲಜನಕವಿರಲಿಲ್ಲವೆಂದು ಹೇಗೆ ಹೇಳುವುದು? ದಕ್ಷಿಣ ಆಫ್ರಿಕದ ವಿಟ್‌ವಾಟರ್ಸ್‌ರಾಂಡ್‌ನ ಪುರಾತನ ನದಿಗಳ ಜಲ್ಲಿಯಲ್ಲಿ ಪೈರೈಟ್ ಮತ್ತು ಯುರೇನಿಯಂ ಖನಿಜದ ಕಣಗಳು ಉರುಳಿ ನುಣುಪಾಗಿ ಉಳಿದಿವೆ. ಇಂದಿನ ಹೊಳೆಯಲ್ಲಾದರೆ ಅವು ಬೇಗನೆ ಕೊಳೆತು ಕರಗುತ್ತಿದ್ದವು. ಬಾಬಾಬುಡನ್ ಶ್ರೇಣಿಯ ಬುಡದಲ್ಲಿಯೂ ಇಂಥ ಜಲ್ಲಿಕಲ್ಲಿದೆ. ಇನ್ನೂ ಗಟ್ಟಿಯಾದ ಸಾಕ್ಷ್ಯವನ್ನು 2000ರಲ್ಲಿ ಜೇಮ್ಸ್ ಫರ್ಕುಹರ್ ಮತ್ತು ಸಂಗಡಿಗರು ಮುಂದಿಟ್ಟರು. ಆಮ್ಲಜನಕವಿಲ್ಲದ ಗಾಳಿಯಲ್ಲಿ ಅತಿನೇರಳೆ ಕಿರಣಗಳು ಗಂಧಕದ ಸಮಸ್ಥಾನಿಗಳ ಮೇಲೆ ಒಂದು ವಿಶಿಷ್ಟ ಗುರುತು ಮೂಡಿಸುತ್ತವೆ. ಹಳೆಯ ಕಲ್ಲುಗಳಲ್ಲಿರುವ ಆ ಗುರುತು ಸುಮಾರು 240 ಕೋಟಿ ವರ್ಷಗಳಿಂದ ಈಚಿನವುಗಳಲ್ಲಿ ಅಳಿಸಿಹೋಗುತ್ತದೆ. ಆಮ್ಲಜನಕ ಗಾಳಿಯಲ್ಲಿ ನೆಲೆಯೂರಿದ ಕಾಲವದು.

ಇಂದು ನಮಗೆ ಪ್ರಾಣವಾಯುವಾದದ್ದು ಅಂದಿನ ಬಹುಪಾಲು ಜೀವಿಗಳಿಗೆ ವಿಷ. ಭೂಮಿಯನ್ನು ಬೆಚ್ಚಗಿಟ್ಟಿದ್ದ ಮೀಥೇನನ್ನೂ ಅದು ಕರಗಿಸಿತು. ಆ ಕಾಲದ ಭಾರಿ ಹಿಮಯುಗಕ್ಕೆ ಇದೇ ಕಾರಣವೆಂದು ಅನೇಕರು ನಂಬುತ್ತಾರೆ. ಹಿಮನದಿಗಳು ಬಿಟ್ಟುಹೋದ ಕಲ್ಲುಮಣ್ಣು ಕೆನಡಾದ ಒಂಟಾರಿಯೋದಲ್ಲಿದೆ. ಇನ್ನೊಂದು ಕಡೆ, ಓಜೋನ್ ಪದರ ರೂಪುಗೊಂಡು ಅತಿನೇರಳೆ ಕಿರಣಗಳಿಗೆ ತಡೆಯಾಯಿತು. ಆದರೂ ಮುಂದಿನ ನೂರು ಕೋಟಿಗೂ ಹೆಚ್ಚು ವರ್ಷ ಆಮ್ಲಜನಕದ ಮಟ್ಟ ಇಂದಿಗಿಂತ ತೀರ ಕಡಿಮೆಯೇ ಇತ್ತು. ಅದು ಮತ್ತೆ ಏರಿದ್ದು ಕೇಂಬ್ರಿಯನ್ ಪೂರ್ವ ಕಾಲದ ಕೊನೆಯ ಹೊತ್ತಿಗೆ.

ಆಮ್ಲಜನಕ ಸಹಿಸದ ಜೀವಿಗಳ ವಂಶ ನಾಶವಾಗಲಿಲ್ಲ. ಗಾಳಿ ತಲುಪದ ಕಡೆಗೆ ಸರಿದುಕೊಂಡಿತು. ಗದ್ದೆಯ ಕೆಸರಿನಲ್ಲಿ, ಹಸುವಿನ ಹೊಟ್ಟೆಯಲ್ಲಿ ಅವು ಇಂದಿಗೂ ಮೀಥೇನ್ ತಯಾರಿಸುತ್ತಿವೆ. ಗೋಬರ್ ಗ್ಯಾಸ್ ತೊಟ್ಟಿಯನ್ನು ಗಾಳಿಯಾಡದಂತೆ ಮುಚ್ಚುವುದು ಅವುಗಳಿಗಾಗಿಯೇ.