ಹಂಡೆ, ಹರವಿ, ಪೈಪು

ಹುಬ್ಬಳ್ಳಿ-ಧಾರವಾಡದ ನೀರಿನ ಚರಿತ್ರೆ ಹೇಳುವವರು ನೀರು ಎಲ್ಲಿಂದ ಬಂತೆಂದು ಹೇಳುತ್ತಾರೆ. ಉಣಕಲ್ ಕೆರೆ, ಕೆಲಗೇರಿ ಕೆರೆ, 1950ರ ದಶಕದಲ್ಲಿ ಬೇಡ್ತಿ ಹಳ್ಳಕ್ಕೆ ಕಟ್ಟಿದ ನೀರಸಾಗರ, ಆಮೇಲೆ ಸವದತ್ತಿಯ ಮಲಪ್ರಭೆ. ಬಂದ ನೀರು ನಮ್ಮ ಮನೆಗಳಲ್ಲಿ ಯಾವುದರೊಳಗೆ ನಿಂತಿತು, ಎಷ್ಟು ದಿನ ನಿಂತಿತು ಎಂಬುದು ಆ ಚರಿತ್ರೆಯಲ್ಲಿ ಸಿಗುವುದು ಕಡಿಮೆ. ಧಾರವಾಡದಲ್ಲಿ ಸೂಕ್ಷ್ಮಜೀವಶಾಸ್ತ್ರ ಕಲಿಸಿ, ಈಗ ನವನಗರದಲ್ಲಿ ನೆಲೆಸಿರುವ ನನಗೆ ಈ ಭಾಗವೇ ದೊಡ್ಡದು.

ಬ್ಯಾಕ್ಟೀರಿಯಾ ನೀರಿನಲ್ಲಿ ಬರೀ ತೇಲಿಕೊಂಡಿರುವುದಿಲ್ಲ. ಗೋಡೆ ಸಿಕ್ಕರೆ ಹಿಡಿದುಕೊಳ್ಳುತ್ತವೆ, ಸುತ್ತ ಅಂಟು ಸುರಿಸಿಕೊಂಡು ಅದರೊಳಗೇ ಸಂಸಾರ ಬೆಳೆಸುತ್ತವೆ. ಕ್ಲೋರಿನ್ ಆ ಅಂಟಿನ ಆಳಕ್ಕೆ ಸುಲಭವಾಗಿ ಇಳಿಯದು. ಅಮೆರಿಕದ ಕ್ಲಾಡ್ ಝೋಬೆಲ್ 1943ರಲ್ಲೇ ಸಮುದ್ರದ ನೀರನ್ನು ಗಾಜಿನ ಬಾಟಲಿಗಳಲ್ಲಿಟ್ಟು, ಘನವಾದ ಮೇಲ್ಮೈ ಬ್ಯಾಕ್ಟೀರಿಯಾಗಳಿಗೆ ಎಷ್ಟು ಅನುಕೂಲ ಎಂದು ತೋರಿಸಿದ್ದ. ಬಯೋಫಿಲ್ಮ್ ಎಂದು ನಾನು ತರಗತಿಯಲ್ಲಿ ಕಲಿಸಿದ್ದು ಈ ಪದರವನ್ನೇ.

ನಮ್ಮ ಅಜ್ಜಿ ಅದನ್ನು ಬೆರಳಿನಿಂದ ಗುರುತಿಸುತ್ತಿದ್ದಳು. ಕೊಡದ ಒಳಗೆ ಕೈಹಾಕಿ ಸವರಿ, "ಲೋಳಿ ಹತ್ತೇತಿ, ಮೊದ್ಲ ತಿಕ್ಕ್ರಿ, ಆಮ್ಯಾಲ ತುಂಬ್ರಿ" ಎನ್ನುವಳು. ಮನೆಯಲ್ಲಿ ಕುಡಿಯುವ ನೀರಿಗೆ ತಾಮ್ರದ ಕೊಡ, ಬ್ಯಾಸಿಗೆಗೆ ಮಣ್ಣಿನ ಹರವಿ, ಬಚ್ಚಲಿಗೆ ಹಂಡೆ. ಹರವಿಯ ಮೈಯಿಂದ ನೀರು ಜಿನುಗಿ ಆರುವುದರಿಂದ ಒಳಗಿನ ನೀರು ತಂಪಾಗುತ್ತದೆ. ಆದರೆ ಆ ಸಣ್ಣ ರಂಧ್ರಗಳೇ ಜೀವಾಣುಗಳಿಗೆ ಗೂಡು. ಅಜ್ಜಿ ಹರವಿಯನ್ನು ಆಗಾಗ ಬರಿದು ಮಾಡಿ ಅಂಗಳದ ಬಿಸಿಲಿಗೆ ಬೋರಲು ಹಾಕುತ್ತಿದ್ದಳು, ಮರುವರ್ಷಕ್ಕೆ ಹೊಸದು ತರಿಸುತ್ತಿದ್ದಳು. ತಾಮ್ರಕ್ಕೆ ಹುಣಸೆಹಣ್ಣು, ಬೂದಿ. ಹುಣಸೆಯ ಹುಳಿ ಕಂದು ಕಿಲುಬನ್ನು ಕರಗಿಸಿ ಹೊಸ ಲೋಹವನ್ನು ನೀರಿಗೆ ಒಡ್ಡುತ್ತದೆ. ತಿಕ್ಕುವ ಕೈ ಲೋಳೆಯನ್ನು ಕಿತ್ತು ಹಾಕುತ್ತದೆ.

ತಾಮ್ರದ ಗುಣವನ್ನು ಈಗ ಎಲ್ಲರೂ ಹೊಗಳುತ್ತಾರೆ. ಹೊಗಳಿಕೆಗೆ ಆಧಾರವೂ ಇದೆ: ಭೇದಿ ತರುವ ಬ್ಯಾಕ್ಟೀರಿಯಾ ಸೇರಿಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟರೆ ಅವು ಉಳಿಯುವುದಿಲ್ಲ ಎಂದು ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದರು. ಆದರೆ ಇದರ ಜೊತೆಗೇ ಓದಬೇಕಾದ ಇನ್ನೊಂದು ಫಲಿತಾಂಶ ಫಿನ್ಲೆಂಡಿನದು, 2004ರದು. ಅಲ್ಲಿ ತಾಮ್ರದ ಪೈಪು, ಪಾಲಿಥೀನ್ ಪೈಪು ಎರಡರಲ್ಲೂ ಕುಡಿಯುವ ನೀರು ಹರಿಸಿ ನೋಡಿದರು. ತಾಮ್ರದಲ್ಲಿ ಪದರ ನಿಧಾನವಾಗಿ ಕಟ್ಟಿತು, ನಿಜ. ಸುಮಾರು 200 ದಿನ ಕಳೆದ ಮೇಲೆ ಎರಡರಲ್ಲೂ ಜೀವಾಣುಗಳ ಸಂಖ್ಯೆಯಲ್ಲಿ ವ್ಯತ್ಯಾಸ ಉಳಿಯಲಿಲ್ಲ. ಪೈಪಿನ ಒಳಗೆ ಹುಣಸೆಹಣ್ಣು ಹಾಕಿ ತಿಕ್ಕುವವರಿಲ್ಲ. ನಮ್ಮ ಮನೆಯ ನೀರನ್ನು ಕಾದದ್ದರಲ್ಲಿ ಲೋಹದ ಪಾಲೆಷ್ಟಿತ್ತೋ ಅಜ್ಜಿಯ ಕೈಯ ಪಾಲೂ ಅಷ್ಟೇ ಇತ್ತೆಂದು ನಾನು ನಂಬುವುದು ಇದಕ್ಕೇ.

ನಳ ಮನೆಮನೆಗೆ ಬಂದಾಗ ಆ ಕೈಗೆ ಎಟುಕದ ಗೋಡೆಗಳು ಮೈಲುಗಟ್ಟಲೆ ಬೆಳೆದವು. ಬೀಡು ಕಬ್ಬಿಣ ತುಕ್ಕು ಹಿಡಿದು ಒಳಗೆ ಗಂಟುಗಂಟಾಗುತ್ತದೆ. ಆ ತುಕ್ಕು ಕ್ಲೋರಿನ್ನನ್ನು ತಿನ್ನುತ್ತದೆ, ಗಂಟಿನ ಸಂದಿಯಲ್ಲಿ ಲೋಳೆ ಸುಖವಾಗಿರುತ್ತದೆ. ಪ್ಲಾಸ್ಟಿಕ್ ಪೈಪಿನ ಮೈ ನುಣುಪು, ಆದರೂ ಪದರ ಅಲ್ಲೂ ಕಟ್ಟುತ್ತದೆ. ಇದರ ಮೇಲೆ ನಮ್ಮ ಊರಿನ ಕಷ್ಟ ಬೇರೆ: ನೀರು ಬರುವುದು ಕೆಲವು ದಿನಕ್ಕೊಮ್ಮೆ, ಕೆಲವು ತಾಸು. ನಡುವಿನ ದಿನಗಳಲ್ಲಿ ಪೈಪು ಬರಿದು, ಒತ್ತಡ ಇಲ್ಲದ್ದರಿಂದ ಬಿರುಕಿನ ಮೂಲಕ ಸುತ್ತಲಿನ ಕೊಳೆನೀರು ಒಳಗೆ ಸೇರಬಹುದು. ಮತ್ತೆ ನೀರು ಬಿಟ್ಟಾಗ ಅದರ ರಭಸಕ್ಕೆ ಗೋಡೆಯ ಪದರ ಕಿತ್ತು ಬರುತ್ತದೆ. ನವನಗರದ ನಮ್ಮ ಓಣಿಯ ಹೆಣ್ಣುಮಕ್ಕಳು ಮೊದಲ ನಾಲ್ಕಾರು ಬಕೆಟ್ ಕೆಂಪು ನೀರನ್ನು ಗಿಡಕ್ಕೆ ಚೆಲ್ಲಿ, ನಳದ ಬಾಯಿಗೆ ಬಟ್ಟೆ ಕಟ್ಟುತ್ತಿದ್ದುದರಲ್ಲಿ ಪೂರ್ಣ ವಿವೇಕವಿತ್ತು. ವಾರಕ್ಕಾಗುವ ನೀರನ್ನು ತಾಮ್ರದ ಕೊಡದಲ್ಲಿ ಹಿಡಿಯಲಾಗದು. ಹಾಗಾಗಿ ಪ್ಲಾಸ್ಟಿಕ್ ಬ್ಯಾರೆಲ್ ಬಂತು, ನೆಲದೊಳಗಿನ ಟಾಕಿ ಬಂತು.

ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ 2008ರ ಹೊತ್ತಿಗೆ ಅವಳಿ ನಗರದ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಸಿಕ್ಕಿತು. ಒಂದೇ ಊರು, ಎರಡು ಬಗೆಯ ಪೂರೈಕೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಿಂದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಇಲ್ಲಿನ ನಳಗಳ ನೀರನ್ನು ವರ್ಷವಿಡೀ ಪರೀಕ್ಷಿಸಿದರು. 2013ರಲ್ಲಿ ಅವರು ಪ್ರಕಟಿಸಿದ ಅಂಕಿ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ: ಬಿಟ್ಟುಬಿಟ್ಟು ಬರುವ ನಳದ ನೀರಿನ ಮಾದರಿಗಳಲ್ಲಿ ಇ. ಕೋಲಿ ಕಂಡದ್ದು ಶೇ 31.7ರಲ್ಲಿ, ಸದಾ ಬರುವ ನಳದಲ್ಲಿ ಶೇ 0.7ರಲ್ಲಿ. ಎರಡಕ್ಕೂ ನೀರು ಕೊಡುವ ದೊಡ್ಡ ಟಾಕಿಗಳಲ್ಲಿ ನೀರಿನ ಗುಣ ಹೆಚ್ಚುಕಡಿಮೆ ಒಂದೇ. ಕೆಡುತ್ತಿದ್ದುದು ದಾರಿಯಲ್ಲಿ. 2015ರ ಇನ್ನೊಂದು ಅಧ್ಯಯನದಲ್ಲಿ ಮಕ್ಕಳ ಭೇದಿಯ ಒಟ್ಟು ಪ್ರಮಾಣ ಇಳಿದದ್ದು ಕಾಣಲಿಲ್ಲ. ಆದರೆ ಟೈಫಾಯ್ಡ್ ಆಯಿತೆಂದು ಹೇಳಿದ ಮನೆಗಳು ಸದಾ ನೀರಿನ ವಾರ್ಡುಗಳಲ್ಲಿ ಶೇ 42ರಷ್ಟು ಕಡಿಮೆ ಇದ್ದವು.

ಕುಂಪೆಲ್-ನೆಲ್ಸನ್ ವರದಿಯ ಇನ್ನೊಂದು ಮಾತನ್ನು ಚರ್ಚೆಯಲ್ಲಿ ಹೆಚ್ಚು ಕೇಳಿಲ್ಲ. ಸದಾ ನೀರು ಬರುವ ಮನೆಗಳಲ್ಲೂ ಹೆಚ್ಚಿನವರು ಕುಡಿಯುವ ನೀರನ್ನು ತುಂಬಿಡುವುದು ಬಿಡಲಿಲ್ಲ, ಆ ತುಂಬಿಟ್ಟ ನೀರು ನಳದ ನೀರಿಗಿಂತ ಮಲಿನವಾಗಿತ್ತು. ಆ ಮನೆಗಳನ್ನು ದೂರಲು ನನಗೆ ಮನಸ್ಸಿಲ್ಲ. ನಳ ಒಣಗಿದ ದಿನಗಳನ್ನು ಕಂಡವರು ಅಷ್ಟು ಬೇಗ ನಂಬುವುದಿಲ್ಲ. ಈಗ ಇಡೀ ಅವಳಿ ನಗರಕ್ಕೆ ಹೊಸ ಪೈಪು ಹಾಕುವ ಕೆಲಸ ನಡೆದಿದೆ. ಪೈಪಿನ ಜೊತೆಗೆ ಮನೆಯೊಳಗಿನ ಪಾತ್ರೆಯನ್ನೂ ಪರೀಕ್ಷಿಸಬೇಕೆಂದು ನಾನು ಕೇಳುತ್ತಲೇ ಇದ್ದೇನೆ. ಹಂಡೆಯ ಬಾಯಿ ಅಗಲ, ತಿಕ್ಕಲು ಇಡೀ ತೋಳು ಒಳಗೆ ಹೋಗುತ್ತದೆ. ಇಂದು ಅಡುಗೆಮನೆಗಳಲ್ಲಿರುವ ನೀರಿನ ಕ್ಯಾನಿನ ಬಾಯಲ್ಲಿ ಮಗುವಿನ ಕೈಯೂ ಹಿಡಿಸದು.