ಲೆಕ್ಕ ಬೇರೆಯಾದ ಮಿತ್ರರು: ಶೀತಲ ಸಮರದ ಬಣಗಳು ಮತ್ತು ಚಿಕ್ಕಮಗಳೂರು ಸೀಮೆಯ ಕಾಫಿ ಪೂಲ್

ಎರಡನೆಯ ಮಹಾಯುದ್ಧದಲ್ಲಿ ಒಂದೇ ಪಕ್ಷದಲ್ಲಿ ನಿಂತು ಹೋರಾಡಿದ ಅಮೆರಿಕ, ಬ್ರಿಟನ್ ಮತ್ತು ಸೋವಿಯತ್ ಒಕ್ಕೂಟಗಳು ಯುದ್ಧ ಮುಗಿದ ಹತ್ತು ವರ್ಷಗಳೊಳಗೆ ಎದುರಾಳಿ ಸೇನಾ ಬಣಗಳಾಗಿ ಮಾರ್ಪಟ್ಟ ಚರಿತ್ರೆಯನ್ನು ಸಾಮಾನ್ಯವಾಗಿ ಯಾಲ್ಟಾ, ಪಾಟ್ಸ್‌ಡ್ಯಾಮ್, ಬರ್ಲಿನ್‌ಗಳ ನೆಲೆಯಲ್ಲಿ ನಿಂತು ಬರೆಯಲಾಗುತ್ತದೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಕಾಫಿ ತೋಟಗಳ ಕಡೆಯಿಂದ ಅದೇ ಚರಿತ್ರೆಯನ್ನು ಗಮನಿಸಿದರೆ, ಸೇನೆಗಳು ಎದುರುಬದುರಾಗುವ ಮೊದಲೇ ಹಣದ ಮತ್ತು ಮಾರುಕಟ್ಟೆಯ ಲೆಕ್ಕಗಳು ಬೇರೆಯಾಗಿದ್ದವು ಎಂಬುದು ಎದ್ದು ಕಾಣುತ್ತದೆ. ಯುದ್ಧಕಾಲದ ತುರ್ತಿನಲ್ಲಿ ಹುಟ್ಟಿದ, ಎಲ್ಲರ ಬೆಳೆಯನ್ನೂ ಒಟ್ಟುಗೂಡಿಸಿ ಮಾರುವ ಕಾಫಿ ಪೂಲ್ ಐವತ್ತು ವರ್ಷಗಳಿಗೂ ಮಿಕ್ಕಿ ಬಾಳಿದ್ದನ್ನು ಈ ಒಡಕನ್ನು ಬಿಟ್ಟು ವಿವರಿಸುವುದು ಕಷ್ಟ.

ಸಮಾನ ಶತ್ರುವಿನ ಪತನದೊಂದಿಗೆ ಮೈತ್ರಿ ಸಡಿಲವಾಗುವುದು ಮೈಸೂರಿನ ಚರಿತ್ರೆಯನ್ನು ಬಲ್ಲವರಿಗೆ ಹೊಸದಲ್ಲ. 1790ರಲ್ಲಿ ಟಿಪ್ಪುವಿನ ವಿರುದ್ಧ ಒಂದಾದ ಇಂಗ್ಲಿಷರು, ಪೇಶ್ವೆ ಮತ್ತು ನಿಜಾಮರು 1792ರಲ್ಲಿ ಅವನ ಅರ್ಧ ರಾಜ್ಯವನ್ನು ಹಂಚಿಕೊಂಡರು. ಮೂರೇ ವರ್ಷಗಳಲ್ಲಿ ಮರಾಠರೂ ನಿಜಾಮನೂ ಖರ್ಡಾದ ರಣಭೂಮಿಯಲ್ಲಿ ಎದುರಾದರು. ಆದರೆ ಮೈತ್ರಿ ಸಡಿಲವಾಗುವುದು ಬೇರೆ, ಎರಡು ಸ್ಥಿರ ಬಣಗಳು ಏರ್ಪಡುವುದು ಬೇರೆ. ಮೊದಲನೆಯದಕ್ಕೆ ಅಪನಂಬಿಕೆ ಸಾಕು. ಎರಡನೆಯದಕ್ಕೆ ದಿನನಿತ್ಯದ ವ್ಯವಹಾರವೇ ಎರಡು ಪಾಲಾಗಬೇಕು.

1945ರ ನಂತರದ ಘಟನೆಗಳ ಅನುಕ್ರಮ ಇದನ್ನೇ ತೋರಿಸುತ್ತದೆ. ಯುದ್ಧಕಾಲದಲ್ಲಿ ಮಿತ್ರರಿಗೆ ಸಾಮಗ್ರಿ ಒದಗಿಸುತ್ತಿದ್ದ ಅಮೆರಿಕದ ‘ಲೆಂಡ್-ಲೀಸ್’ ನೆರವನ್ನು 1945ರ ಮೇ ತಿಂಗಳಲ್ಲಿ, ಜರ್ಮನಿ ಶರಣಾದ ಕೆಲವೇ ದಿನಗಳಲ್ಲಿ, ಸೋವಿಯತ್ ಒಕ್ಕೂಟಕ್ಕೆ ಹಠಾತ್ತನೆ ಮೊಟಕುಗೊಳಿಸಲಾಯಿತು. 1944ರ ಬ್ರೆಟನ್ ವುಡ್ಸ್ ಸಮ್ಮೇಳನದಲ್ಲಿ ಪಾಲ್ಗೊಂಡಿದ್ದ ಸೋವಿಯತ್ ಸರ್ಕಾರ, ಡಾಲರನ್ನು ಆಧಾರವಾಗಿಟ್ಟುಕೊಂಡ ಆ ಹಣಕಾಸು ವ್ಯವಸ್ಥೆಯನ್ನು 1945ರ ಕೊನೆಯೊಳಗೆ ಅನುಮೋದಿಸಲಿಲ್ಲ. 1947ರಲ್ಲಿ ಅದು ಮಾರ್ಷಲ್ ಯೋಜನೆಯ ನೆರವನ್ನು ತಿರಸ್ಕರಿಸಿತು. 1948ರ ಜೂನ್ ತಿಂಗಳಲ್ಲಿ ಪಶ್ಚಿಮ ಜರ್ಮನಿಯ ವಲಯಗಳಿಗೆ ಹೊಸ ಮಾರ್ಕ್ ನಾಣ್ಯ ಬಂದ ಬೆನ್ನಿಗೇ ಬರ್ಲಿನ್ ದಿಗ್ಬಂಧನ ಆರಂಭವಾಯಿತು. 1949ರ ಜನವರಿಯಲ್ಲಿ ಪೂರ್ವ ಯುರೋಪಿನ ಆರ್ಥಿಕ ಕೂಟವಾದ ಕೋಮೆಕಾನ್ ಹುಟ್ಟಿದ ನಂತರವೇ, ಅದೇ ವರ್ಷದ ಏಪ್ರಿಲ್‌ನಲ್ಲಿ ನೇಟೊ ಒಪ್ಪಂದಕ್ಕೆ ಸಹಿ ಬಿತ್ತು. ವಾರ್ಸಾ ಒಪ್ಪಂದ ಬಂದದ್ದು 1955ರಲ್ಲಿ. ಪೋಲೆಂಡ್‌ನಲ್ಲಿ ಕೆಂಪು ಸೇನೆಯ ಇರುವಿಕೆ, ಅಣುಬಾಂಬಿನ ಭೀತಿ, ಗ್ರೀಸ್ ಮತ್ತು ಇರಾನ್‌ಗಳ ಬಿಕ್ಕಟ್ಟು ಇವುಗಳ ಪಾತ್ರವನ್ನು ಕಡೆಗಣಿಸಲಾಗದು. ಆದರೂ ಭೀತಿಗೆ ಬಣದ ಸ್ಥಿರರೂಪ ಬಂದದ್ದು ಲೆಕ್ಕ ಬೇರೆಯಾದಾಗ.

ಮಲೆನಾಡಿನ ಕಾಫಿಗೆ ಯುದ್ಧ ತಟ್ಟಿದ್ದು ಮಾರುಕಟ್ಟೆಯ ಮೂಲಕ. ಅಲ್ಲಿಯವರೆಗೆ ಮುಖ್ಯವಾಗಿ ಯುರೋಪಿಗೆ ಹೋಗುತ್ತಿದ್ದ ಕಾಫಿಗೆ 1940ರ ಹೊತ್ತಿಗೆ ಆ ಬಾಗಿಲು ಮುಚ್ಚಿತು. ಬೆಲೆ ಕುಸಿದು ತೋಟಗಳು ಪಾಳುಬೀಳುವ ಭಯದಲ್ಲಿ ಸರ್ಕಾರ 1940ರಲ್ಲಿ ಸುಗ್ರೀವಾಜ್ಞೆಯನ್ನೂ 1942ರಲ್ಲಿ ಕಾಫಿ ಕಾಯಿದೆಯನ್ನೂ ತಂದು, ಎಲ್ಲ ಬೆಳೆಗಾರರ ಕಾಫಿಯನ್ನು ಒಟ್ಟುಗೂಡಿಸಿ ಕಾಫಿ ಮಂಡಳಿಯೇ ಮಾರುವ ‘ಪೂಲ್’ ಪದ್ಧತಿಯನ್ನು ಜಾರಿಗೊಳಿಸಿತು. ಕಳಸದ ಸಣ್ಣ ಬೆಳೆಗಾರನು ಹಣ್ಣನ್ನು ಪಲ್ಪರ್‌ಗೆ ಹಾಕಿ, ತೊಳೆದು, ಕಣದಲ್ಲಿ ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಮೂಟೆಗಳನ್ನು ಕ್ಯೂರಿಂಗ್ ವರ್ಕ್ಸ್‌ಗೆ ಒಪ್ಪಿಸಿದ ಗಳಿಗೆಯಿಂದ ಆ ಬೆಳೆ ಅವನದಾಗಿ ಉಳಿಯುತ್ತಿರಲಿಲ್ಲ: ಅಲ್ಲಿ ಸಿಪ್ಪೆ ತೆಗೆದು, ಜರಡಿ ಹಿಡಿದು, ದರ್ಜೆವಾರು ವಿಂಗಡಿಸಿ ಅದಕ್ಕೆ ಪಾಯಿಂಟ್ ಕಟ್ಟಲಾಗುತ್ತಿತ್ತು, ಮಂಡಳಿ ಹರಾಜಿನಲ್ಲಿ ಮಾರಿದ ಮೇಲೆ ಪಾಯಿಂಟಿನ ಲೆಕ್ಕದಲ್ಲಿ ಹಣ ಕಂತುಕಂತಾಗಿ ಬರುತ್ತಿತ್ತು. ಕೊನೆಯ ಕಂತು ಕೈಸೇರುವ ಹೊತ್ತಿಗೆ ಮುಂದಿನ ಕೊಯ್ಲು ಬಂದಿರುತ್ತಿದ್ದುದೂ ಉಂಟು. ಬೆಲೆ ಕುಸಿತದಿಂದ ಕಾಯ್ದ ಈ ವ್ಯವಸ್ಥೆ ಬೆಳೆಗಾರನನ್ನು ಕಾಯಿಸಿದ್ದೂ ಅಷ್ಟೇ ನಿಜ.

ಯುದ್ಧ ಮುಗಿದ ಮೇಲೆ ಪೂಲ್ ಕೊನೆಗೊಳ್ಳಬಹುದಿತ್ತು. ಅದು ಉಳಿದದ್ದಕ್ಕೆ ಸ್ವತಂತ್ರ ಭಾರತದ ಯೋಜನಾಬದ್ಧ ಆರ್ಥಿಕ ನೀತಿ ಒಂದು ಕಾರಣ. ಇಬ್ಭಾಗವಾದ ವಿಶ್ವ ಮಾರುಕಟ್ಟೆ ಇನ್ನೊಂದು. 1953ರ ಡಿಸೆಂಬರ್‌ನಲ್ಲಿ ಭಾರತವೂ ಸೋವಿಯತ್ ಒಕ್ಕೂಟವೂ ವ್ಯಾಪಾರ ಒಪ್ಪಂದ ಮಾಡಿಕೊಂಡು, ಡಾಲರಿನ ಹಂಗಿಲ್ಲದೆ ರೂಪಾಯಿ ಖಾತೆಯಲ್ಲಿ ಕೊಡುಕೊಳ್ಳುವ ದಾರಿಯನ್ನು ತೆರೆದವು. ಭಿಲಾಯಿ ಉಕ್ಕಿನ ಕಾರ್ಖಾನೆಯಂಥ ಯೋಜನೆಗಳಿಗೆ ಪಡೆದ ಸೋವಿಯತ್ ಸಾಲವನ್ನು ಭಾರತ ರೂಪಾಯಿಯಲ್ಲಿ ಹಿಂದಿರುಗಿಸಿದರೆ, ಆ ರೂಪಾಯಿಗಳಿಂದ ಸೋವಿಯತ್ ಒಕ್ಕೂಟ ಚಹಾ, ಸೆಣಬಿನ ಜೊತೆಗೆ ಕಾಫಿಯನ್ನೂ ಕೊಳ್ಳುತ್ತಿತ್ತು.

ಎದುರು ಬಣವೂ ಕಾಫಿಯನ್ನು ರಾಜಕೀಯದಿಂದ ಹೊರಗಿಡಲಿಲ್ಲ. ಕ್ಯೂಬಾ ಕ್ರಾಂತಿಯ ನಂತರ ಲ್ಯಾಟಿನ್ ಅಮೆರಿಕ ಕೈತಪ್ಪೀತೆಂಬ ಆತಂಕದಲ್ಲಿ, ಅಲ್ಲಿನ ಕಾಫಿ ದೇಶಗಳಿಗೆ ಸ್ಥಿರ ಬೆಲೆ ದೊರಕಿಸಲು ಅಮೆರಿಕ 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದಕ್ಕೆ ಬೆಂಬಲವಿತ್ತಿತು. ಪ್ರತಿ ರಫ್ತುದೇಶಕ್ಕೂ ಇಷ್ಟೇ ಮಾರಬೇಕೆಂಬ ಕೋಟಾ ನಿಗದಿಯಾಯಿತು. ಸೋವಿಯತ್ ಒಕ್ಕೂಟ, ಪೋಲೆಂಡ್, ಹಂಗೇರಿಗಳಿಗೆ ಮಾರಿದ್ದು ಮಾತ್ರ ಆ ಕೋಟಾಕ್ಕೆ ಸೇರುತ್ತಿರಲಿಲ್ಲ. ಜಪಾನೂ ಅದೇ ಪಟ್ಟಿಯಲ್ಲಿದ್ದುದರಿಂದ ಅದು ಬರಿಯ ಬಣರಾಜಕಾರಣದ ಪಟ್ಟಿಯಲ್ಲ, ಕಾಫಿ ರೂಢಿ ಕಡಿಮೆಯಿದ್ದ ದೇಶಗಳ ಪಟ್ಟಿ. ಆದರೂ ಪರಿಣಾಮದಲ್ಲಿ ಒಂದೇ ಬಗೆಯ ಕಾಫಿಗೆ ಎರಡು ಬೆಲೆಗಳು ಹುಟ್ಟಿದವು. ಕೋಟಾರಹಿತ ದೇಶಗಳಿಗೆ ಅಗ್ಗವಾಗಿ ಮಾರಿದ ಕಾಫಿ ಕಳ್ಳದಾರಿಯಲ್ಲಿ ಪಶ್ಚಿಮಕ್ಕೆ ಮರಳುತ್ತಿತ್ತು. ವ್ಯಾಪಾರಿಗಳು ಅದನ್ನು ‘ಪ್ರವಾಸಿ ಕಾಫಿ’ ಎನ್ನುತ್ತಿದ್ದರು. ಹೀಗೆ ಕೋಟಾದ ಒಂದು ಲೆಕ್ಕ, ರೂಪಾಯಿಯ ಇನ್ನೊಂದು ಲೆಕ್ಕ, ಎರಡನ್ನೂ ಒಟ್ಟಿಗೆ ಸಂಭಾಳಿಸಲು ಬೆಳೆಯೆಲ್ಲವೂ ಒಂದೇ ಕೈಯಲ್ಲಿರುವ ಪೂಲ್ ಸರ್ಕಾರಕ್ಕೆ ಅನುಕೂಲವಾಗಿತ್ತು.

ಬಣಗಳ ಕೊನೆಯೂ ಪೂಲ್‌ನ ಕೊನೆಯೂ ಹತ್ತಿರದಲ್ಲೇ ಬಂದವು. 1989ರ ಜುಲೈನಲ್ಲಿ ಕೋಟಾ ಮುರಿದುಬಿತ್ತು. ಎರಡು ಬೆಲೆಗಳ ಬಗ್ಗೆ ಅಮೆರಿಕಕ್ಕಿದ್ದ ಅಸಮಾಧಾನ ಅದಕ್ಕೊಂದು ಕಾರಣವಾಗಿತ್ತು. 1991ರಲ್ಲಿ ಸೋವಿಯತ್ ಒಕ್ಕೂಟ ವಿಸರ್ಜನೆಯಾಯಿತು. 1992ರಿಂದ ಬೆಳೆಗಾರರಿಗೆ ಹಂತಹಂತವಾಗಿ ಮುಕ್ತ ಮಾರಾಟದ ಅವಕಾಶ ದೊರೆತು, 1996ರ ಹೊತ್ತಿಗೆ ಅದು ಪೂರ್ಣಗೊಂಡಿತು. ಇದನ್ನು ಮಾಸ್ಕೋದ ಪತನದ ನೇರ ಫಲವೆನ್ನುವುದು ಅತಿಯಾದೀತು: ತಡವಾಗಿ ಬರುವ ಕಂತುಗಳಿಂದ ಬೇಸತ್ತ ಬೆಳೆಗಾರರ ಒತ್ತಾಯವೂ 1991ರ ಉದಾರೀಕರಣವೂ ಇದರ ಹಿಂದಿದ್ದವು. ಅಲ್ಲದೆ ರೂಪಾಯಿ ಖಾತೆ ಒಮ್ಮೆಲೇ ಮುಚ್ಚಲಿಲ್ಲ. 1993ರ ಒಪ್ಪಂದದಂತೆ ಹಳೆಯ ಸೋವಿಯತ್ ಸಾಲವನ್ನು ಭಾರತ ರಷ್ಯಾಕ್ಕೆ ರೂಪಾಯಿಯಲ್ಲೇ ತೀರಿಸತೊಡಗಿತು, ಆ ಹಣದಲ್ಲಿ ಇಲ್ಲಿನ ಸರಕು ಅಲ್ಲಿಗೆ ಹೋಗುತ್ತಲೇ ಇತ್ತು. ಸೇನಾ ಬಣ ಕರಗಿದ ಮೇಲೂ ಅದರ ಲೆಕ್ಕಪತ್ರ ಉಳಿದುಕೊಂಡಿತೆಂಬುದು ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶ.

ಉಕ್ರೇನ್ ಯುದ್ಧ ಆರಂಭವಾದ ನಂತರ ಪಶ್ಚಿಮದ ದೇಶಗಳು ರಷ್ಯಾದ ಹಲವು ಬ್ಯಾಂಕುಗಳನ್ನು ಜಾಗತಿಕ ಪಾವತಿ ಜಾಲದಿಂದ ಹೊರಗಿಟ್ಟಾಗ, ಭಾರತೀಯ ರಿಸರ್ವ್ ಬ್ಯಾಂಕ್ 2022ರ ಜುಲೈ 11ರಂದು ವಿದೇಶಿ ವ್ಯಾಪಾರವನ್ನು ರೂಪಾಯಿಯಲ್ಲಿ ಚುಕ್ತಾ ಮಾಡಲು ಮತ್ತೆ ಅನುವು ಮಾಡಿಕೊಟ್ಟಿತು. ಈ ಸಲ ನಡುವೆ ನಿಲ್ಲುವ ಪೂಲ್ ಇಲ್ಲ. ಮೂಡಿಗೆರೆಯ ಬೆಳೆಗಾರನ ಅರೇಬಿಕಾಕ್ಕೆ ನ್ಯೂಯಾರ್ಕ್, ರೋಬಸ್ಟಾಕ್ಕೆ ಲಂಡನ್ ಪೇಟೆಯ ದರವೇ ದಿನದ ಅಳತೆಗೋಲು. ರಷ್ಯಾ ಭಾರತದ ಕಾಫಿಯ ದೊಡ್ಡ ಗಿರಾಕಿಗಳಲ್ಲಿ ಒಂದಾಗಿ ಮುಂದುವರಿದಿದೆ.