ದಡಕ್ಕೆ ಬಾರದ ಬಂಗುಡೆ

ಹಲಸೂರಿನಲ್ಲಿ ಕೂತು ಕಡಲ ಮೀನುಗಾರಿಕೆ ಬಗ್ಗೆ ಬರೀತೀನಿ ಅಂದರೆ ನೀವು ನಗಬಹುದು. ಇಲ್ಲಿಂದ ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ಕಡಲು ಕಾಣೋಕೆ 300 ಕಿಲೋಮೀಟರಿಗಿಂತ ಹೆಚ್ಚು ಪ್ರಯಾಣ. ಆದರೂ ಇಂದಿರಾನಗರ, ಕೆ.ಆರ್. ಪುರದ ಕಡೆಯ ನನ್ನ ಕೆಲವು ಗೆಳೆಯರಿಗೆ ಈಚೆಗೆ ಈ ಹುಚ್ಚು ಹಿಡಿದಿದೆ. ಶುಕ್ರವಾರ ರಾತ್ರಿ ಬಸ್ಸು ಹತ್ತೋದು, ಶನಿವಾರ ಬೆಳಕು ಹರಿಯುವ ಹೊತ್ತಿಗೆ ಕಾಪುವಿನ ಬಂಡೆ ಮೇಲೋ, ಯಾವುದಾದರೂ ನದಿಯ ಅಳಿವೆಯಲ್ಲೋ ಗಾಳ ಹಿಡಿದು ನಿಲ್ಲೋದು. ಸೋಮವಾರ ಬಿಸಿಲಿಗೆ ಮೂಗು ಸುಲಿದುಕೊಂಡು ಆಫೀಸಿಗೆ ಹಾಜರು. ಮೀನು? ಹೆಚ್ಚಿನ ಸಲ ಇಲ್ಲ :)

ಕೆರೆಗೆ ಗಾಳ ಹಾಕೋದೇ ಬೇರೆ, ಕಡಲಿಗೆ ಹಾಕೋದೇ ಬೇರೆ. ಕೆರೆಯ ಮೀನು ಎಲ್ಲಿಗೂ ಹೋಗುವ ಹಾಗಿಲ್ಲ. 2016ರ ಮಾರ್ಚಿನಲ್ಲಿ ನಮ್ಮ ಹಲಸೂರು ಕೆರೆಯ ನೀರು ಕೆಟ್ಟಾಗ ಸಾವಿರಾರು ಮೀನು ಇದ್ದಲ್ಲೇ ಸತ್ತು ತೇಲಿದವಲ್ಲ, ಹಾಗೆ. ಕಡಲ ಮೀನು ಉಬ್ಬರದ ಜೊತೆ ಆಹಾರ ಹುಡುಕಿಕೊಂಡು ದಡದ ಹತ್ತಿರ ಬರುತ್ತೆ, ಇಳಿತದ ಜೊತೆ ಹಿಂದೆ ಸರಿಯುತ್ತೆ. ಅದು ಬರುವ ಹೊತ್ತಿಗೆ ನೀವು ಅಲ್ಲಿರಬೇಕು, ಅಷ್ಟೆ. ಅಲೆ ದಾರವನ್ನು ಪಕ್ಕಕ್ಕೆ ಎಳೆದು ಹಾಕುತ್ತೆ, ಸಿಕ್ಕಿಸಿದ ಸಿಗಡಿಯನ್ನು ಏಡಿ ತಿಂದು ಮುಗಿಸಿರುತ್ತೆ, ಬಂಡೆಗೆ ಸಿಕ್ಕ ಗಾಳ ಹೋಯಿತು ಅಂತಲೇ ಲೆಕ್ಕ. ಆದರೂ ಜನ ಹೋಗ್ತಾರೆ. ದೋಣಿ ಬೇಡ, ಬಲೆ ಬೇಡ, ದಾರದ ತುದಿಗೆ ಬಂದದ್ದು ಕಾಣೆಯೋ ಕೆಂಬೇರಿಯೋ ಪ್ಲಾಸ್ಟಿಕ್ ಚೀಲವೋ ಅಂತ ಕೊನೆಯವರೆಗೂ ಗೊತ್ತಾಗಲ್ಲ. ಅದೇ ಅದರ ರುಚಿ.

ರಾಡು, ರೀಲು ಹಿಡಿದು ಶೋಕಿಗೆ ಮೀನು ಹಿಡಿಯೋದನ್ನ ಇಲ್ಲಿಗೆ ತಂದವರು ಇಂಗ್ಲಿಷರು. ಬೆಂಗಳೂರಿನ ದಂಡು ಪ್ರದೇಶದಂಥ (ಇಲ್ಲಿ ದಂಡು ನೆಲೆಯಾದದ್ದು 1809ರಲ್ಲಿ) ಊರುಗಳ ದೊರೆಗಳಿಗೆ ಬೇಕಾದ ಒಂದು ಪುಸ್ತಕ 1873ರಲ್ಲಿ ಬಂತು, ಅದೂ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ. ಹೆಸರು 'ದಿ ರಾಡ್ ಇನ್ ಇಂಡಿಯಾ'. ಬರೆದವನು ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್. ಅದರ ಹೀರೋ ನದಿಯ ಮಹಶೀರ್ ಮೀನು. ಈ ಮನುಷ್ಯ ಬರೀ ಶೋಕಿಲಾಲ ಅಲ್ಲ, ಮರಿಮೀನುಗಳನ್ನೂ ಬಿಡದೆ ಹಿಡಿದರೆ ಮುಂದೆ ಏನು ಗತಿ ಅಂತ ಸರ್ಕಾರಕ್ಕೆ ವರದಿ ಬರೆದವನು. ನೀರಿಗೆ ವಿಷ ಹಾಕಿ, ಸಿಡಿಮದ್ದು ಸಿಡಿಸಿ ಮೀನು ಕೊಲ್ಲಬಾರದು ಅನ್ನುವ ಕಾಯಿದೆ 1897ರಲ್ಲಿ ಬಂತು.

ಆದರೆ ನನ್ನ ಗೆಳೆಯರ ಬುಟ್ಟಿ ಯಾಕೆ ಖಾಲಿ ಅಂತ ತಿಳಿಯೋಕೆ ಥಾಮಸ್ ಸಾಲದು, ರಂಪಣಿ ಕಥೆ ಗೊತ್ತಿರಬೇಕು.

ರಂಪಣಿ ಗೋವಾ ಕಡೆಯಿಂದ ಕರಾವಳಿಗೆ ಬಂದ ದೈತ್ಯ ಬಲೆ. ಉದ್ದ ಒಂದು ಕಿಲೋಮೀಟರಿಗೂ ಹೆಚ್ಚು. ಮಳೆಗಾಲ ಮುಗಿದ ಮೇಲೆ ಬಂಗುಡೆ, ಬೂತಾಯಿ ಹಿಂಡುಹಿಂಡಾಗಿ ದಡದ ಹತ್ತಿರ ಬರುತ್ತಿದ್ದವು. ನೀರಿನ ಬಣ್ಣ, ಹಕ್ಕಿಗಳ ಹಾರಾಟ ನೋಡಿ ಅನುಭವಿಗಳು ಹಿಂಡು ಗುರುತಿಸುತ್ತಿದ್ದರು. ಬಲೆಯ ಒಂದು ತುದಿ ದಡದಲ್ಲೇ ಇರುತ್ತೆ. ದೋಣಿ ಹಿಂಡನ್ನು ಅರ್ಧ ಸುತ್ತು ಹಾಕಿ ಇನ್ನೊಂದು ತುದಿಯನ್ನು ದಡಕ್ಕೆ ತರುತ್ತೆ. ಆಮೇಲೆ ಎರಡೂ ಕಡೆ ಹಗ್ಗ ಹಿಡಿದು ಎಳೆಯೋದು. ಒಂದು ಬಲೆಗೆ ಎಂಬತ್ತು, ನೂರು ಜನ. ಬಲೆ ಒಬ್ಬನದಲ್ಲ, ಪಾಲುದಾರರದು; ಬಂದ ಮೀನೂ ಪಾಲು. ಬಿಡಿ, ನಮ್ಮ ಸಹಕಾರಿ ಸಂಘಗಳ ಮೀಟಿಂಗುಗಳಿಗಿಂತ ಇದು ಚೆನ್ನಾಗಿಯೇ ನಡೆದಿತ್ತು ಅನ್ನಿಸುತ್ತೆ ನನಗೆ.

ರಾಡು ಹಿಡಿದವನಿಗೂ ರಂಪಣಿಯವರಿಗೂ ಒಂದು ವಿಷಯ ಸಮಾನ. ಇಬ್ಬರೂ ಮೀನನ್ನು ಹುಡುಕಿಕೊಂಡು ಹೋಗಲ್ಲ. ಅದು ತಾನಾಗಿ ಬರುವವರೆಗೆ ಕಾಯಬೇಕು.

1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ಇವು ಹಿಂಡು ಇದ್ದಲ್ಲಿಗೇ ಹೋಗಿ ಸುತ್ತ ಬಲೆ ಬಿಟ್ಟು, ಸಂಚಿಯ ಬಾಯಿ ಕಟ್ಟಿದ ಹಾಗೆ ಬಲೆಯ ತಳವನ್ನು ಬಿಗಿದು ಎತ್ತುತ್ತವೆ. ದಡಕ್ಕೆ ಬರಬೇಕಾಗಿದ್ದ ಮೀನಿಗೆ ದಾರಿಯಲ್ಲೇ ಯಜಮಾನ ಸಿಕ್ಕಿಬಿಟ್ಟ. ಪ್ರತಿಭಟನೆ, ಜಗಳ ಎಲ್ಲ ಆಯಿತು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಮೂಲೆ ಸೇರಿದವು. ಪಾಲುದಾರರಲ್ಲಿ ಅನೇಕರು ಅದೇ ಪರ್ಸೀನ್ ಬೋಟುಗಳಲ್ಲಿ ಕೆಲಸಕ್ಕೆ ಸೇರಿದರು. ಹಾಸನ-ಮಂಗಳೂರು ರೈಲು ಮಾರ್ಗ ಮುಗಿದದ್ದು 1979ರಲ್ಲಿ. ಬೆಂಗಳೂರಿನವರಿಗೆ ಆ ದಡಕ್ಕೆ ಘಟ್ಟ ಇಳಿದು ಹೋಗುವ ರೈಲು ಸಿಕ್ಕ ಹೊತ್ತಿಗೆ ದಡದ ಬಲೆಯ ಕಾಲ ಮುಗಿದಿತ್ತು ನೋಡಿ.

ಹಾಗಂತ ಬೋಟಿನವರನ್ನು ಬೈದು ಮುಗಿಸುವ ಹಾಗೂ ಇಲ್ಲ. ಭಾನುವಾರ ಬೆಳಿಗ್ಗೆ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಹೋಗಿ (1927ರಲ್ಲಿ ಕಟ್ಟಿದ್ದು, ಇನ್ನೂ ಗಟ್ಟಿಯಾಗಿದೆ) ಐಸಿನ ಮೇಲೆ ಮಲಗಿದ ಬಂಗುಡೆಗೆ ಚೌಕಾಸಿ ಮಾಡುವವರಲ್ಲಿ ನಾನೂ ಒಬ್ಬ. ಕೈಯಲ್ಲಿ ಎಳೆದ ಬಲೆಯಿಂದ ಬೆಂಗಳೂರಿನ ಹೊಟ್ಟೆ ತುಂಬುತ್ತಿತ್ತಾ? ನನಗೆ ನಂಬಿಕೆ ಇಲ್ಲ. ಆದರೆ ಲೈಟು ಹಾಕಿ ಮೀನು ಸೆಳೆದು ಹಿಡಿಯೋದನ್ನ ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಬೇಕಾಗಿ ಬಂತು ಅಂದರೆ, ಬೋಟಿನವರಿಗೂ ಈಗ ಮೀನು ಸುಲಭವಾಗಿ ಸಿಗುತ್ತಿಲ್ಲ ಅಂತಲೇ ಅರ್ಥ ಅಲ್ವಾ?

ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ರಜೆ. ಆಗ, ಮತ್ತು ಅದರ ಆಸುಪಾಸಿನಲ್ಲಿ, ಉಡುಪಿ ಕಡೆ ಚಿಕ್ಕ ಕೈರಂಪಣಿಗಳು ಈಗಲೂ ಇಳಿಯುತ್ತವೆ. ಇಪ್ಪತ್ತು ಮೂವತ್ತು ಜನ ಸಾಕು. ಗಾಳ ಹಿಡಿದು ಹೋಗುವ ಗೆಳೆಯರಿಗೆ ನಾನು ಹೇಳೋದು ಇಷ್ಟೇ: ಅಂಥದ್ದು ಕಂಡರೆ ರಾಡು ಮರಳಲ್ಲಿ ಊರಿ, ಹಿರಿಯರನ್ನ ಒಂದು ಮಾತು ಕೇಳಿ, ಹಗ್ಗಕ್ಕೆ ಕೈ ಹಾಕ್ರಪ್ಪಾ. ನಾನು ಹಾಗೆ ಕೈ ಹಾಕಿದ ದಿನ ಅಂಗೈ ಸುಲಿಯಿತು, ನಾಲ್ಕು ಬಂಗುಡೆ ಸಿಕ್ಕಿತು.